ರೈಲು ನನ್ನದು, ಹಡಗು ಅವಳದು

ಒಪ್ಪಂದ ಆಗಿದ್ದು ದಾವಣಗೆರೆ ವಿದ್ಯಾನಗರದ ನಮ್ಮ ಅಡುಗೆಮನೆಯಲ್ಲಿ, ನನ್ನ ಹೆಂಡತಿ ರೊಟ್ಟಿ ತಟ್ಟುವಾಗ. ನಾನು ಕಾಲೇಜಿನಿಂದ ನಿವೃತ್ತನಾಗಿ ಒಂದಿಷ್ಟು ಕಾಲ ಆಗಿತ್ತು. ಯುರೋಪಿಗೆ ಹೋಗಿ ಬರೋಣ ಅಂದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಅಲ್ಲೇನೈತೆ?"

"ನಾನು ಇಷ್ಟು ವರ್ಷ ಪಾಠ ಮಾಡಿದ್ದೆಲ್ಲ ಅಲ್ಲೇ ಐತೆ."

"ಪಾಠ ಮಾಡಿದೋರು ನೀವು, ನೀವು ಹೋಗಿ ನೋಡ್ರಿ. ನನಗೆ ಅಲ್ಲೇನು ಕೆಲಸ?"

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಆಮೇಲೆ ಅಂದಳು. "ಹಡಗಿನಾಗಾದ್ರೆ ಬರ್ತೀನಿ."

ಹಡಗಿನ ವಿಷಯ ಅವಳ ತಲೆಗೆ ಹಾಕಿದ್ದು ಎದುರು ಮನೆಯವರು. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರ ಹೆಂಡತಿ. ಗಂಡ ಹೆಂಡತಿ ಎಲ್ಲೋ ಹಡಗಿನಲ್ಲಿ ಹೋಗಿ ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದರು. ನಮ್ಮವಳು ಅದರಲ್ಲಿ ಸಮುದ್ರ ನೋಡಲಿಲ್ಲ, ದೀಪ ನೋಡಲಿಲ್ಲ. ಒಂದು ಕುರ್ಚಿ ನೋಡಿದ್ದಳು.

"ಕುಂತಲ್ಲೇ ಕುಂತಿರೋದಂತೆ. ಊರುಗಳೇ ನಮ್ಮ ಹತ್ರ ಬರ್ತಾವಂತೆ. ಬೇಕಾದ್ರೆ ಇಳೀಬೇಕು, ಬ್ಯಾಡ ಅಂದ್ರೆ ಇಲ್ಲ. ಊಟ ಅವರೇ ಮಾಡಿಕ್ತಾರಂತೆ."

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನ್ನಪ್ಪ ಗುತ್ತೂರಿನವರು, ಹರಿಹರದ ಕಾರ್ಖಾನೆಯಲ್ಲಿ ಮೂಟೆ ಹೊತ್ತವರು. ಅವ್ವನದು ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ಮನುಷ್ಯ ನಾನು. ಹೇಳಿಕೊಳ್ಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ತಂದು ಕೈಯಲ್ಲಿಟ್ಟದ್ದಲ್ಲ ಅದು. ಹರಿಹರದಿಂದ ದಾವಣಗೆರೆಗೆ ಪಾಸು ಮಾಡಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಓಡಾಡಿ ಬಿ.ಎ. ಮಾಡಿದೆ. ಓದಿದ್ದರಲ್ಲಿ ಅರ್ಧ ಬೋಗಿಯ ಬಾಗಿಲ ಹತ್ತಿರ ನಿಂತು ಓದಿದ್ದು. ಎಂ.ಎ. ಅಂಚೆಯಲ್ಲಿ. ಆಮೇಲೆ ಎಷ್ಟೋ ವರ್ಷ ಪಾರ್ಟ್‌ಟೈಮ್ ಉಪನ್ಯಾಸಕ, ಕೊನೆಗೊಂದು ದಿನ ಕಾಯಂ. ವಿಷಯ ಇತಿಹಾಸ, ಅದರಲ್ಲೂ ಯುರೋಪಿನ ಇತಿಹಾಸ.

ನಾನು ಕಾಯಂ ಆದ ಮೇಲೆ ನಮ್ಮ ಮನೆ ಹಾಸ್ಟೆಲ್ ಆಯಿತು. ತಮ್ಮಂದಿರು ಬಂದರು, ಅಕ್ಕನ ಮಕ್ಕಳು ಬಂದರು. ಗುತ್ತೂರಿನಲ್ಲಿ ಯಾರ ಮಗ, ಯಾರ ಮಗಳು ಪಿ.ಯು. ಪಾಸಾದರೂ "ಮೇಷ್ಟ್ರ ಮನೇಲಿ ಬಿಡ್ರಿ" ಅನ್ನುವುದು ರೂಢಿಯಾಯಿತು. ಒಬ್ಬರು ಓದಿ ಹೋದರೆ ಇನ್ನೊಬ್ಬರು. ಅವರಲ್ಲಿ ಈಗ ಎಂಜಿನಿಯರ್ ಇದ್ದಾರೆ, ನರ್ಸ್ ಇದ್ದಾರೆ, ಪೊಲೀಸ್ ಇದ್ದಾರೆ. ಓದಿಸಿದವನು ಅಂತ ನನಗೆ ಹೆಸರು ಬಂತು. ಅಷ್ಟೂ ಜನಕ್ಕೆ ಬೆಳಗಾಗುವ ಮುಂಚೆ ಎದ್ದು ಡಬ್ಬಿ ಕಟ್ಟಿದವಳು ಅವಳು, ಶಾಮನೂರಿನ ಗದ್ದೆ ಮನೆಯಿಂದ ಬಂದವಳು. ಅವಳು ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ.

ಆದ್ದರಿಂದ ಕುರ್ಚಿ ಕೇಳಿದಾಗ ನಾನು ವಾದ ಮಾಡಲಿಲ್ಲ. ಮೊದಲು ರೈಲಿನಲ್ಲಿ ನಾನು ಹೇಳಿದ ಊರುಗಳು, ಕೊನೆಗೆ ಅವಳ ಹಡಗು ಅಂತ ಮಾತಾಯಿತು. ಹಡಗನ್ನು ಹರಿಹರದಲ್ಲಿರುವ ಮಗಳು ಬುಕ್ ಮಾಡಿದಳು. ರೈಲುಗಳನ್ನು ನಾನೇ ಕೂತು ಗೊತ್ತು ಮಾಡಿದೆ. ಯಾವ ಸ್ಟೇಷನ್, ಯಾವ ಬೋಗಿ, ಎಲ್ಲಿ ಬದಲಿ, ಎಲ್ಲ ಬಾಯಿಪಾಠ. ಹಡಗು ಅವಳದಲ್ಲವೇ, ಅದು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ನಾನು ಕಣ್ಣೆತ್ತಿಯೂ ನೋಡಲಿಲ್ಲ. ಅವಳೂ ನೋಡಲಿಲ್ಲ. ಅವಳಿಗೆ ಅದು ನಿಲ್ಲುವುದೇ ಬೇಕಿರಲಿಲ್ಲ.

ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಎದುರು ಮನೆಯ ಮ್ಯಾನೇಜರ್ ಹೇಳಿದರು. "ಪ್ಯಾಕೇಜಿನಾಗ ಹೋಗ್ರಿ ಮೇಷ್ಟ್ರೆ. ಅವರೇ ಬಸ್ಸು, ಅವರೇ ಅನ್ನ ಸಾರು. ಈ ವಯಸ್ಸಿನಾಗ ಸೂಟ್‌ಕೇಸ್ ಎಳಕೊಂಡು ಎಲ್ಲಿ ಅಲೀತೀರಿ?"

"ಇನ್ನೊಬ್ಬನ ಹಿಂದೆ ಕುರಿ ಹಂಗೆ ಹೋಗೋಕೆ ನಾನು ಓದಿಲ್ರೀ," ಅಂದೆ.

"ಓದಿದೋರ ಹಣೇಬರಹನೇ ಇಷ್ಟು," ಅಂದು ಅವರು ನಕ್ಕು ಮುಂದೆ ನಡೆದರು.

ನನಗೆ ಬೇಕಾಗಿದ್ದ ಊರು ನಿಜವಾಗಿ ಒಂದೇ, ಫ್ಲಾರೆನ್ಸ್. ಉಳಿದವು ಅದರ ದಾರಿಯಲ್ಲಿ ಬಂದವು. ಪುನರುಜ್ಜೀವನದ ಪಾಠ ಬಂದಾಗ ಆ ಊರಿನ ದೊಡ್ಡ ಚರ್ಚಿನ ಗುಮ್ಮಟವನ್ನು ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಮಗುಚಿ ಹಾಕಿದ ಬೋಗುಣಿ ಥರ ಕಾಣುತ್ತಿತ್ತು. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸಾರ್, ನೀವು ನೋಡೀರೇನ್ರಿ ಇದನ್ನ?" ಫೋಟೋದಲ್ಲಿ ನೋಡಿದ್ದೇನೆ ಅಂದೆ. "ಫೋಟೋ ನಾವೂ ನೋಡೀವಿ ಬಿಡ್ರಿ ಸಾರ್," ಅಂದು ಕೂತಳು. ಕ್ಲಾಸು ನಕ್ಕಿತು, ನಾನೂ ನಕ್ಕೆ. ಆದರೆ ಆವತ್ತಿನಿಂದ ಪ್ರತಿ ವರ್ಷ ಗುಮ್ಮಟ ಬಿಡಿಸುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು.

ಎರಡು ದೊಡ್ಡ ಸೂಟ್‌ಕೇಸ್, ಒಂದು ಕೈಚೀಲ. ಸೂಟ್‌ಕೇಸ್ ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಒಗ್ಗರಣೆ ಹಾಕಿದ ಮಂಡಕ್ಕಿ. ಮಂಡಕ್ಕಿ ತೂಕ ಇಲ್ಲ, ಆದರೆ ಜಾಗ ತಿನ್ನುತ್ತದೆ. ಅದರ ಜೊತೆಗೆ ಸರಪಳಿ. ರೈಲಿನಲ್ಲಿ ಸೀಟಿನ ಕೆಳಗಿನ ಕೊಂಡಿಗೆ ಸಾಮಾನು ಕಟ್ಟಿ ಬೀಗ ಹಾಕುತ್ತೇವಲ್ಲ, ಆ ಸರಪಳಿ. ಹರಿಹರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಯಾವಾಗಲೋ ಕೊಂಡಿದ್ದು. ಅದಿಲ್ಲದೆ ನಾವು ರೈಲು ಹತ್ತಿದವರಲ್ಲ. ಕೀಲಿ ಯಾವತ್ತೂ ಅವಳ ಹತ್ತಿರ, ತಾಳಿ ಸರದಲ್ಲಿ ಪಿನ್ನು ಹಾಕಿ.

ಪ್ಯಾರಿಸ್ಸಿನಲ್ಲಿ ಇಳಿದ ಮರುದಿನವೇ ಅವಳನ್ನು ಬ್ಯಾಸ್ಟಿಲ್ ನೋಡಲು ಕರೆದುಕೊಂಡು ಹೋದೆ. ಫ್ರಾನ್ಸಿನ ಕ್ರಾಂತಿ ಶುರುವಾದದ್ದು ಆ ಸೆರೆಮನೆಯನ್ನು ಮುರಿಯುವುದರಿಂದ. ಮೆಟ್ರೋದಲ್ಲಿ ದಾರಿ ತಪ್ಪಿ, ಎರಡು ಸ್ಟೇಷನ್ ಮುಂಚೆಯೇ ಇಳಿದು, ನಡೆದು ಹೋದೆವು. ಸೀರೆಯ ಕೆಳಗೆ ಮಗಳು ಕೊಡಿಸಿದ ಬಿಳಿ ಶೂ ಹಾಕಿಕೊಂಡು ಅವಳು ಹಿಂದೆ ಹಿಂದೆ ಬಂದಳು. ಅಲ್ಲಿ ನೋಡಿದರೆ ಒಂದು ಸರ್ಕಲ್, ನಡುವೆ ಒಂದು ಕಂಬ, ಸುತ್ತ ಗಾಡಿಗಳು.

"ಎಲ್ಲೈತೆ ಜೈಲು?"

"ಕೆಡವಿದ್ರು. ಅದನ್ನೇ ಹೇಳೋದು, ಜನ ಬಂದು ಕೆಡವಿ ಹಾಕಿದ್ರು."

ಅವಳು ಕಂಬದ ತುದಿಯವರೆಗೆ ನೋಡಿದಳು. "ಕೆಡವಿದ್ದು ಗೊತ್ತಿದ್ದೂ ನೋಡೋಕೆ ಬಂದೀವಾ?"

ಅಲ್ಲಿ ಕೂರಲು ಒಂದು ಕಟ್ಟೆ ಹುಡುಕಿ ಕೂರಿಸಿದೆ. ಕ್ರಾಂತಿಯ ಕಾರಣಗಳನ್ನು ಹೇಳಿದೆ, ರೈತರ ಮೇಲಿನ ತೆರಿಗೆ, ಬ್ರೆಡ್ಡಿನ ಬೆಲೆ. ಅವಳು ಶೂ ಬಿಚ್ಚಿ ಹಿಮ್ಮಡಿ ಒತ್ತಿಕೊಳ್ಳುತ್ತಾ ಕೇಳಿಸಿಕೊಂಡಳು. ಬ್ರೆಡ್ಡಿನ ಮಾತಿಗೆ ಮಾತ್ರ ತಲೆಯೆತ್ತಿ, "ಅದನ್ನ ತಿನ್ನೋಕಾಗದೇ ಜಗಳ ಮಾಡಿರ್ತಾರೆ ಬಿಡ್ರಿ," ಅಂದಳು. ಬೆಳಗ್ಗೆ ಹೋಟೆಲಿನಲ್ಲಿ ಕೊಟ್ಟಿದ್ದು ಕಲ್ಲಿನಂಥ ಬ್ರೆಡ್ಡು.

ಊಟದ ಕಥೆ ಅದೇ. ಅವರು ಕೊಡುವುದು ನನಗೆ ಸೇರುತ್ತಿರಲಿಲ್ಲ. ಹಾಗಾಗಿ ಅವಳು ಅಲ್ಲಿಯೂ ಕತ್ತಲೆ ಇರುವಾಗಲೇ ಎದ್ದು, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿ, ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸುತ್ತಿದ್ದಳು. ಮಧ್ಯಾಹ್ನಕ್ಕೆ ರೊಟ್ಟಿ ಚಟ್ನಿಪುಡಿ ಕಟ್ಟುತ್ತಿದ್ದಳು. ನಾನು ಎದ್ದಾಗ ಎಲ್ಲ ಸಿದ್ಧ ಇರುತ್ತಿತ್ತು. ವಿದ್ಯಾನಗರದ ಮನೆಯೇ ಚಿಕ್ಕದಾಗಿ ನಮ್ಮ ಜೊತೆ ರೈಲು ಹತ್ತಿ ಬಂದಿತ್ತು.

ಜಿನೀವಾಕ್ಕೆ ಹೋಗುವ ರೈಲಿನಲ್ಲಿ ನಾನು ಸಾಮಾನನ್ನು ಬಾಗಿಲ ಹತ್ತಿರದ ಕಪಾಟಿನಲ್ಲಿಟ್ಟು ಸರಪಳಿ ಹಾಕಿದೆ. ನೋಡಿದವರು ನೋಡಿದರು, ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜಿನೀವಾದಲ್ಲಿ ಮಳೆ. ಮೊದಲ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಗಳ ಒಕ್ಕೂಟ ಕೂಡುತ್ತಿದ್ದ ಜಾಗ ಅದು. ಎಷ್ಟು ಪರೀಕ್ಷೆಗಳಲ್ಲಿ ಪ್ರಶ್ನೆಯಾಗಿ ಕೇಳಿದ್ದೆನೋ. ಟ್ರಾಮ್ ಇಳಿದು ಹೋದರೆ ಗೇಟು ಹಾಕಿತ್ತು, ಆವತ್ತು ಒಳಗೆ ಬಿಡುವುದಿಲ್ಲ ಅಂದರು. ಗೇಟಿನ ಎದುರಿಗೆ ಆಕಾಶದೆತ್ತರದ ಒಂದು ಮರದ ಕುರ್ಚಿ ನಿಲ್ಲಿಸಿದ್ದಾರೆ. ಅದಕ್ಕೆ ಮೂರೇ ಕಾಲು ನೆಟ್ಟಗಿವೆ, ಒಂದು ಅರ್ಧಕ್ಕೆ ಸಿಡಿದು ಹೋದಂತಿದೆ. ನೆಲದಲ್ಲಿ ಹೂತಿಟ್ಟ ಬಾಂಬುಗಳಿಂದ ಕಾಲು ಕಳೆದುಕೊಂಡವರ ನೆನಪಿಗೆ ಅಂತ ಬೋರ್ಡಿನಲ್ಲಿ ಓದಿ ಹೇಳಿದೆ.

ಅವಳು ಕೊಡೆ ಹಿಡಿದು ಆ ಕುರ್ಚಿಯ ಕೆಳಗೆ ನಿಂತಳು. "ಇಷ್ಟು ದೊಡ್ಡ ಕುರ್ಚಿ ಮಾಡ್ಯಾರೆ, ಕುಂದ್ರಾಕೆ ಬರಂಗಿಲ್ಲ," ಅಂದಳು. ನಗಲಿಲ್ಲ. ನಾನು ಫೋಟೋ ತೆಗೆದೆ. ಆ ಫೋಟೋದಲ್ಲಿ ಅವಳ ಮುಖ ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು ಅಂತ ಮಗಳು ಈಗ ಹೇಳುತ್ತಾಳೆ.

ಜಿನೀವಾದಿಂದ ಮಿಲಾನಿಗೆ ಬರುವ ದಾರಿ ಸುಂದರ ಅಂತ ಎಲ್ಲರೂ ಹೇಳುತ್ತಾರೆ, ಸರೋವರ, ಹಿಮದ ಬೆಟ್ಟ. ಹೌದು, ಇದ್ದವು. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಿ ತೋರಿಸಿದೆ. "ಹೂಂ," ಅಂದು ಮತ್ತೆ ಕಣ್ಣು ಮುಚ್ಚಿದಳು. ಪಾದಗಳು ಊದಿಕೊಂಡು ಶೂ ಹಾಕಲು ಆಗದೆ ಹೋಟೆಲಿನವರು ಕೊಟ್ಟಿದ್ದ ಬಿಳಿ ಬಟ್ಟೆಯ ಚಪ್ಪಲಿಯಲ್ಲೇ ಇದ್ದಳು. ಮಿಲಾನಿನಲ್ಲಿ ಒಂದು ರಾತ್ರಿ ಕಳೆದು, ಬೆಳಗ್ಗೆ ಫ್ಲಾರೆನ್ಸ್ ಮೇಲೆ ರೋಮಿಗೆ ಹೋಗುವ ರೈಲು. ಫ್ಲಾರೆನ್ಸಿನಲ್ಲಿ ಎರಡು ದಿನ, ಅಲ್ಲಿಂದ ರೋಮ್, ರೋಮಿನ ಹತ್ತಿರದ ಬಂದರಿನಲ್ಲಿ ಹಡಗು. ಹೀಗಿತ್ತು ನನ್ನ ಲೆಕ್ಕ. ಆ ರಾತ್ರಿ ಅವಳಿಗೆ ಮೈ ಬೆಚ್ಚಗಿತ್ತು. ಮಾತ್ರೆ ಕೊಟ್ಟೆ.

"ಹಡಗು ತಪ್ಪಿ ಹೋಗಲ್ಲ ತಾನೆ?" ಅಂತ ಕೇಳಿದಳು.

"ಅದ್ಹೆಂಗೆ ತಪ್ಪತೈತೆ? ಇನ್ನೂ ದಿನ ಅದಾವೆ."

"ಅದಕ್ಕಲ್ಲ. ಜ್ವರ ಇದ್ದೋರನ್ನ ಹತ್ತಿಸ್ಕಣಲ್ವಂತೆ. ಎದುರು ಮನೆಯೋರು ಹೇಳ್ತಿದ್ರು. ನಾನು ಹಿಂಗೇ ಅಲೀತಾ ಇದ್ರೆ ಅಲ್ಲಿಗೆ ಮುಟ್ಟೋದು ಬರೀ ಸೂಟ್‌ಕೇಸು."

ಬೆಳಗ್ಗೆ ಮೈ ತಣ್ಣಗಾಗಿತ್ತು. ಅವಳು ಎಂದಿನಂತೆ ಪೂಜೆ ಮಾಡಿದಳು, ಅವಲಕ್ಕಿ ನೆನೆಸಿದಳು, ನಾನು ತಿಂದೆ. ಸ್ಟೇಷನ್ನಿಗೆ ಒಂದೂವರೆ ಗಂಟೆ ಮುಂಚೆ ಹೋದೆವು. ಹರಿಹರದಲ್ಲಿ ಕಲಿತ ಅಭ್ಯಾಸ. ಮಿಲಾನಿನಲ್ಲಿ ಪ್ಲಾಟ್‌ಫಾರ್ಮ್ ಯಾವುದು ಅಂತ ಕೊನೆಯ ಗಳಿಗೆಯವರೆಗೂ ಹೇಳುವುದಿಲ್ಲ. ಕೂರಲು ಜಾಗ ಇರಲಿಲ್ಲ, ನಿಂತೆವು. ನಂಬರು ಬಿದ್ದ ಮೇಲೆ ಎಲ್ಲರ ಜೊತೆ ಓಡಿದೆವು. ನಮ್ಮ ಬೋಗಿ ತೀರಾ ಆ ತುದಿಗಿತ್ತು. ಸಾಮಾನು ಕಪಾಟಿಗೆ ತಳ್ಳಿ, ಸರಪಳಿ ಸುತ್ತಿ, ಬೀಗ ಹಾಕಿ, ಕೀಲಿ ಅವಳ ಕೈಗೆ ಕೊಟ್ಟು ಸೀಟಿಗೆ ಬಂದಾಗ ರೈಲು ಹೊರಟಿತ್ತು. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಮನಸ್ಸಿನಲ್ಲೇ ಪಾಠ ತಿರುವಿ ಹಾಕುತ್ತಿದ್ದೆ. ಸ್ಟೇಷನ್ನಿನಿಂದ ಚರ್ಚಿಗೆ ನಡೆದೇ ಹೋಗಬಹುದು ಅಂತ ಗೊತ್ತು ಮಾಡಿಕೊಂಡಿದ್ದೆ.

ಫ್ಲಾರೆನ್ಸ್ ಬಂತು ಅಂತ ಕೂಗಿದರು. ನಾನು ಎದ್ದು ಕೈಚೀಲ ತಗೊಂಡೆ. "ಏಳು. ಕೀಲಿ ಕೊಡು."

ಅವಳು ಏಳಲಿಲ್ಲ. "ನೀವು ಇಳೀರಿ," ಅಂದಳು.

"ಅಂದ್ರೆ?"

"ನಾನು ಇಳಿಯಲ್ಲ."

"ಯಾಕ? ಏನಾತು?"

"ಏನೂ ಆಗಿಲ್ಲ. ಇಳಿದ್ರೆ ಮತ್ತೆ ಹತ್ತಬೇಕಲ್ರಿ. ಹಡಗಿನ ಊರಿಗೆ ಹೋಗಿ ಒಂದೇ ಸಲ ಇಳೀತೀನಿ."

ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳ ಆಡುತ್ತಿದ್ದೆ. ಅವಳು ಮನೆಯಲ್ಲಿ ಹಾಲು ಮುಗಿದಿದೆ ಅಂತ ಹೇಳುವ ದನಿಯಲ್ಲಿ ಹೇಳಿದಳು. ಜನ ನಮ್ಮನ್ನು ತಳ್ಳಿಕೊಂಡು ಇಳಿಯುತ್ತಿದ್ದರು.

"ಟಿಕೆಟ್ ಇಲ್ಲೀತನಕ ಮಾತ್ರ ಐತೆ," ಅಂದೆ.

"ಅವರು ಬಂದು ಕೇಳಲಿ. ನಿಮಗೆ ಇಂಗ್ಲಿಷ್ ಬರ್ತೈತಲ್ಲ. ನನ್ನ ಹೆಂಡತಿಗೆ ಸಾಕಾಗೈತೆ ಅಂತ ಹೇಳ್ರಿ."

"ರೂಮು ಬುಕ್ ಆಗೈತೆ."

"ಅದಕ್ಕೇ ಇಳೀರಿ ಅಂದೆ. ನೋಡ್ಕಂಡು ಬರ್ರಿ. ನಾನು ರೋಮಿನಾಗ ಸ್ಟೇಷನ್ನಾಗೇ ಕುಂತಿರ್ತೀನಿ. ಕುಂದ್ರಾಕೆ ನಾನೇನು ಬ್ಯಾಸರ ಮಾಡ್ಕಣಲ್ಲ."

ನಾನು ಅವಳ ಕೊರಳಿನ ಕಡೆ ನೋಡಿದೆ. ಕೀಲಿ ಅಲ್ಲೇ ತೂಗುತ್ತಿತ್ತು. ಕೈ ಹಾಕಿ ತೆಗೆದುಕೊಳ್ಳುವಂಥ ವಸ್ತುವಲ್ಲ ಅದು, ತಾಳಿಗೆ ಸಿಕ್ಕಿಸಿದ್ದು. ಅವಳೇ ಬಿಚ್ಚಿ ಕೊಡಬೇಕು. ಅವಳು ಕೊಡಲಿಲ್ಲ. ಕೀಲಿ ಇಲ್ಲದಿದ್ದರೆ ನನ್ನ ಅಂಗಿ, ಬಿ.ಪಿ. ಮಾತ್ರೆ, ಎಲ್ಲವೂ ಆ ರೈಲಿನ ಕಬ್ಬಿಣಕ್ಕೆ ಕಟ್ಟಿಕೊಂಡು ರೋಮಿಗೆ ಹೋಗುವಂಥವು. ಆ ಸರಪಳಿ ಹಾಕಿದವನು ನಾನೇ.

ಅಷ್ಟರಲ್ಲಿ ಹೊಸಬರು ಹತ್ತಿದರು. ಒಬ್ಬ ಹೆಂಗಸು, ಅವಳ ಗಂಡ. ಮೊಬೈಲ್ ತೋರಿಸಿ ಸೀಟು ನಮ್ಮದು ಅಂದರು. ನಮ್ಮವಳು ತಕ್ಷಣ ಎದ್ದಳು, ಇನ್ನೊಬ್ಬರ ಸೀಟಿನಲ್ಲಿ ಕೂರುವವಳಲ್ಲ. ಕುಂಟುತ್ತಾ ಬಾಗಿಲ ಹತ್ತಿರ ಹೋದಳು. ಇಳಿಯುತ್ತಾಳೆ ಅಂದುಕೊಂಡೆ. ಅವಳು ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಅಡ್ಡ ಮಲಗಿಸಿದ್ದ ನಮ್ಮ ಸೂಟ್‌ಕೇಸಿನ ಅಂಚಿನ ಮೇಲೆ ಕೂತು, ಸೆರಗು ಸರಿ ಮಾಡಿಕೊಂಡಳು. ಬಾಗಿಲು ತೆರೆದೇ ಇತ್ತು. ಹೊರಗೆ ಪ್ಲಾಟ್‌ಫಾರ್ಮ್, ಫ್ಲಾರೆನ್ಸ್ ಅಂತ ಅವರ ಭಾಷೆಯಲ್ಲಿ ಬರೆದ ಬೋರ್ಡು, ಕಾಫಿ ಅಂಗಡಿ, ಸಿಗರೇಟು ಸೇದುತ್ತಿದ್ದ ಒಬ್ಬ ಮುದುಕ. ಒಂದು ಕಾಲು ಕೆಳಗಿಟ್ಟರೆ ಊರು.

ಆ ಬಾಗಿಲಲ್ಲಿ ನಿಂತಷ್ಟು ಹೊತ್ತು ನಾನು ಏನು ಯೋಚಿಸಿದೆ ಅಂತ ಕೇಳಿದರೆ ದೊಡ್ಡದೇನೂ ಇಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಪಾಸ್‌ಪೋರ್ಟ್ ನನ್ನ ಚೀಲದಲ್ಲಿದೆ, ಸಾಯಂಕಾಲ ಮತ್ತೆ ಜ್ವರ ಬಂದರೆ ಏನು ಗತಿ. ಇಷ್ಟೇ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆ ಸ್ಟೇಷನ್ನಿನಲ್ಲೇ ಹಳಿ ಕೊನೆಯಾಗುವುದರಿಂದ ರೈಲು ಬಂದ ದಿಕ್ಕಿಗೇ ಹಿಂದಕ್ಕೆ ಸರಿದು ರೋಮಿನ ಕಡೆ ಹೊರಟಿತು. ಗಾಜಿನ ಆಚೆ ಹಳಿ, ಗೋಡೆ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಗುಮ್ಮಟ ಕಾಣುತ್ತದೇನೋ ಅಂತ ಬಗ್ಗಿ ನೋಡಿದೆ, ಕಾಣಲಿಲ್ಲ.

"ಕೂಡ್ರಿ," ಅಂದಳು, ಸೂಟ್‌ಕೇಸಿನ ಮೇಲೆ ಸರಿದು.

ಕೂತೆ. ಜನರಲ್ ಬೋಗಿಯಲ್ಲಿ ಕೂತಂತೆ ಇಬ್ಬರೂ ಮೊಣಕಾಲು ತಾಗಿಸಿಕೊಂಡು, ತಲೆ ತಗ್ಗಿಸಿ ಕೂತೆವು. ಟಿಕೆಟ್ ಇಲ್ಲದೆ ನಾನು ಜೀವಮಾನದಲ್ಲಿ ಒಂದು ಸ್ಟೇಷನ್ ಕೂಡ ಹೋದವನಲ್ಲ. ಪಾಸಿನ ಅವಧಿ ಮುಗಿದ ದಿನ ಹರಿಹರದಿಂದ ದಾವಣಗೆರೆಗೆ ನಡೆದು ಹೋಗಿ ಪರೀಕ್ಷೆ ಬರೆದವನು. ಈಗ ಅರವತ್ತು ದಾಟಿದ ಮೇಲೆ ಇಟಲಿಯಲ್ಲಿ ಸಿಕ್ಕಿಬೀಳಲು ಕೂತಿದ್ದೆ. ಬೋಗಿಯ ಬಾಗಿಲು ಸರಿದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

"ಮಂಡಕ್ಕಿ ತಿಂತೀರಾ?" ಅಂತ ಕೇಳಿದಳು.

"ಬ್ಯಾಡ."

"ಸಿಟ್ಟು ಬಂದೈತೇನು?"

"ಇಲ್ಲ. ಸುಸ್ತಾಗೈತೆ."

"ಇವತ್ತಾದ್ರೂ ಗೊತ್ತಾತಲ್ಲ, ಅದು ಹೆಂಗಿರತೈತೆ ಅಂತ," ಅಂದಳು.

ಟಿಕೆಟ್ ನೋಡುವವಳು ಬಂದಳು. ಕೆಂಪು ಟೈ ಕಟ್ಟಿದ್ದ ನಡುವಯಸ್ಸಿನ ಹೆಂಗಸು. ನಾನು ಎದ್ದು ನಿಂತು ಟಿಕೆಟ್ ತೋರಿಸಿದೆ. ಇದು ಫ್ಲಾರೆನ್ಸಿನವರೆಗೆ, ಅಂದಳು. ಕ್ಲಾಸಿನಲ್ಲಿ ಉತ್ತರ ಬರದ ವಿದ್ಯಾರ್ಥಿಯ ಹಾಗೆ ನಿಂತು, ನನ್ನ ಹೆಂಡತಿಗೆ ತುಂಬಾ ಆಯಾಸವಾಗಿದೆ, ಇಳಿಯಲು ಆಗಲಿಲ್ಲ ಅಂದೆ. ಅವಳು ಬಗ್ಗಿ ನಮ್ಮವಳ ಊದಿದ ಪಾದ ನೋಡಿದಳು, ಬಟ್ಟೆಯ ಚಪ್ಪಲಿ ನೋಡಿದಳು, ಸರಪಳಿ ಮತ್ತು ಬೀಗ ನೋಡಿದಳು. ದಂಡ ಹಾಕಿದಳು. ಕಾರ್ಡಿನಲ್ಲಿ ಕಟ್ಟಿದೆ. ಆಮೇಲೆ ಪಕ್ಕದ ಬೋಗಿಯಲ್ಲಿ ಖಾಲಿ ಇದ್ದ ಎರಡು ಸೀಟು ತೋರಿಸಿ, ಹೋಗಿ ಕೂರಿ ಅಂದಳು. ನಮ್ಮವಳು ಹೋಗಲಿಲ್ಲ. ಸಾಮಾನು ಬಿಟ್ಟು ಹೆಂಗೆ ಹೋಗೋದು, ಅಂದಳು.

ರೋಮಿನಲ್ಲಿ ಕೀಲಿ ತಾನೇ ಬಿಚ್ಚಿ ಕೊಟ್ಟಳು. ಸ್ಟೇಷನ್ನಿನ ಎದುರಿಗೇ ಮೊದಲು ಸಿಕ್ಕ ಹೋಟೆಲಿನಲ್ಲಿ ರೂಮು ಮಾಡಿದೆ. ಅಲ್ಲಿ ಬಕೆಟ್ ಇಲ್ಲ, ಚೊಂಬು ಇಲ್ಲ. ಕಸದ ಬುಟ್ಟಿಯನ್ನು ಸೋಪು ಹಾಕಿ ತೊಳೆದು, ಕೆಟಲಿನಲ್ಲಿ ಮತ್ತೆ ಮತ್ತೆ ನೀರು ಕಾಯಿಸಿ ಹಾಕಿ, ಅವಳ ಒಂದೊಂದೇ ಪಾದ ಅದರಲ್ಲಿ ಇಡಿಸಿದೆ. ಎರಡೂ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಆಮೇಲೆ ಅವಳು ಮಲಗಿದಳು. ಮರುದಿನ ಬಿಸಿಲು ಮಂಚದ ಮೇಲೆ ಬಂದರೂ ಏಳಲಿಲ್ಲ. ನಮ್ಮ ಮದುವೆಯಾದ ಮೇಲೆ ನನಗಿಂತ ತಡವಾಗಿ ಅವಳು ಎದ್ದದ್ದು ಅದೇ ಮೊದಲು. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಅವಲಕ್ಕಿ ಎಷ್ಟು ನೆನೆಸಬೇಕು ಅಂತ ಗೊತ್ತಾಗದೆ ನಾನು ಅದನ್ನು ಗಂಜಿ ಮಾಡಿ ಹಾಕಿದೆ. ಎದ್ದು, ಸ್ನಾನ ಪೂಜೆ ಮುಗಿಸಿ, ಅದನ್ನೇ ತಿಂದು, "ಉಪ್ಪು ಹಾಕಿಲ್ಲ," ಅಂದಳು. ಮತ್ತೆ ಮಲಗಿದಳು.

ರೋಮ್ ಸಾಮ್ರಾಜ್ಯದ ಏಳುಬೀಳು ಎಷ್ಟು ವರ್ಷ ಪಾಠ ಮಾಡಿದ್ದೆ. ಹೋಟೆಲಿನವನು ಕಿಟಕಿಯಿಂದ ಕೈ ತೋರಿಸಿ, ಗುಲಾಮರನ್ನು ಕಾದಾಡಿಸುತ್ತಿದ್ದ ಆ ಹಳೆಯ ರಂಗಸ್ಥಳ ಇಲ್ಲೇ ಹತ್ತಿರ, ನಡೆದೇ ಹೋಗಬಹುದು ಅಂದ. ಆಗಲಿ ಅಂದೆ. ಹೋಗಲಿಲ್ಲ. ಮೊಸರು ಹುಡುಕಿಕೊಂಡು ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿದ್ದು, ವಾಪಸ್ ಬಂದಿದ್ದು. ಉಳಿದ ಹೊತ್ತು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಎಂತೆಂಥದೋ ಯೋಚನೆ. ಸಿಟ್ಟು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೋರ್ಡಿನ ಮೇಲಿನ ಬೋಗುಣಿ ಕಣ್ಣ ಮುಂದೆ ಬರುತ್ತಿತ್ತು. ಮತ್ತೆ ಬರುವ ಶಕ್ತಿ ನಮಗಿಲ್ಲ, ಇನ್ನು ಫ್ಲಾರೆನ್ಸ್ ಇಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ.

ಹಡಗು ಹತ್ತುವ ದಿನ ಅವಳು ಹೊಸ ಇಳಕಲ್ ಸೀರೆ ಉಟ್ಟಳು. ಬಂದರಿನಲ್ಲಿ ಯಾರೂ ಜ್ವರ ನೋಡಲಿಲ್ಲ, ಏನೂ ಕೇಳಲಿಲ್ಲ. ಸಾಮಾನನ್ನೂ ಅವರೇ ತೆಗೆದುಕೊಂಡು ಹೋದರು. ಅದನ್ನು ಕೈಬಿಡಲು ನನಗೆ ಕಷ್ಟವಾಯಿತು. ಮಗಳು ನೋಡಿ ಮಾಡಿ ಬಾಲ್ಕನಿ ಇರುವ ಕೋಣೆಯನ್ನೇ ಬುಕ್ ಮಾಡಿದ್ದಳು. ಬಾಲ್ಕನಿಯಲ್ಲಿ ಎರಡು ಕುರ್ಚಿ. ಅವಳು ಬಾಗಿಲು ಸರಿಸಿ ಹೊರಗೆ ಹೋಗಿ, ಎರಡನ್ನೂ ಕೈಯಿಂದ ಒತ್ತಿ ನೋಡಿ, ಒಳಗಿನ ಗೋಡೆಗೆ ಹತ್ತಿರ ಇದ್ದದ್ದರಲ್ಲಿ ಕೂತಳು. ಸಾಯಂಕಾಲ ಸಮುದ್ರ ಕಪ್ಪಾಗುವವರೆಗೂ ಕೂತೇ ಇದ್ದಳು. ರಾತ್ರಿ ಊಟಕ್ಕೆ ಅನ್ನ, ಬೇಳೆ ಸಾರು ಸಿಕ್ಕಿತು. ತಟ್ಟೆ ಎತ್ತಲು ಹೋದಳು, ಬಡಿಸುವವನು ನಗುತ್ತಾ ತಡೆದ.

ಮರುದಿನ ಬೆಳಗ್ಗೆ ಎದ್ದರೆ ಹಡಗು ಯಾವುದೋ ಬಂದರಿನಲ್ಲಿ ನಿಂತಿತ್ತು. ಟೀ ತರಲು ಮೇಲಿನ ಅಂತಸ್ತಿಗೆ ಹೋದೆ. ಅಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಜನ ಸಾಲು ನಿಂತಿದ್ದರು. ಗುಜರಾತಿನ ಒಬ್ಬರು ಹಿಂದಿಯಲ್ಲಿ ಕೇಳಿದರು, ನೀವು ಬರುವುದಿಲ್ಲವೇ, ಫ್ಲಾರೆನ್ಸಿಗೆ ಬಸ್ಸು ಹೊರಡುತ್ತಿದೆ. ಯಾವ ಫ್ಲಾರೆನ್ಸ್ ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಈ ಬಂದರು ಲಿವೋರ್ನೊ, ಇಲ್ಲಿಂದ ಒಂದೂವರೆ ಗಂಟೆಯ ದಾರಿ, ಹಡಗಿನವರೇ ಬೆಳಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಾರೆ, ಎಲ್ಲರಿಗೂ ಮೊದಲೇ ತಿಳಿಸಿದ್ದರಲ್ಲ, ಅಂದರು.

ಟೀ ಕಪ್ಪು ಹಿಡಿದು ಕೋಣೆಗೆ ಬಂದೆ. ಅವಳಿಗೆ ಹೇಳದೇ ಇರಬೇಕು ಅಂದುಕೊಂಡಿದ್ದೆ. ಕೂತ ಮೇಲೆ ಹೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವಳ ಭುಜ ಕುಲುಕಲು ಶುರುವಾಯಿತು. ಅಳುತ್ತಾಳೇನೋ ಅಂದುಕೊಂಡೆ, ನಗುತ್ತಿದ್ದಳು. "ರೈಲಿಂದು ಅಷ್ಟೆಲ್ಲಾ ಬಾಯಿಪಾಠ ಮಾಡಿದ್ರಿ. ಹಡಗಿಂದು ಒಂದು ಹಾಳೆ ತಿರುವಿ ನೋಡಲಿಲ್ವಲ್ರಿ."

"ನಿನ್ನದು ಅಂತ ಬಿಟ್ಟೆ."

"ಹೂಂ. ನನ್ನದು ಅಂತ ಬಿಟ್ರಿ." ಕಣ್ಣು ಒರೆಸಿಕೊಂಡಳು. "ಏಳ್ರಿ, ಹೋಗ್ರಿ."

"ಬ್ಯಾಡ. ಕಾಲು ನೋಯ್ತಾವೆ. ನಿನ್ನೊಬ್ಬಳನ್ನೇ ಬಿಟ್ಟು..."

"ಹಂಗೆಲ್ಲ ಹೇಳಬ್ಯಾಡ್ರಿ. ನನ್ನ ಸಲುವಾಗಿ ಬಿಟ್ಟೆ ಅಂತ ಇಡೀ ವಿದ್ಯಾನಗರಕ್ಕೆ ಹೇಳ್ಕಂಡು ತಿರುಗ್ತೀರಿ. ನಾನು ಆ ಭಾರ ಹೊರಲ್ಲ. ನನಗೆ ನಿಮ್ಮ ಊರು ಬ್ಯಾಡ ಆಗಿತ್ತು, ನಿಮಗೆ ಬ್ಯಾಡ ಅಂದಿರಲಿಲ್ಲ."

ಹೋದೆ. ಬಸ್ಸಿನಲ್ಲಿ ಉಳಿದಿದ್ದ ಒಂದು ಸೀಟಿಗೆ ದುಡ್ಡು ಕಟ್ಟಿ ಹತ್ತಿ, ದಾರಿಯುದ್ದಕ್ಕೂ ನಿದ್ದೆ ಮಾಡಿದೆ. ಊರಿನಲ್ಲಿ ವಿಪರೀತ ಜನ, ಬಿಸಿಲು. ಓಣಿಯೊಂದರಿಂದ ಹೊರಗೆ ಬಂದರೆ ಎದುರಿಗೇ ಅದು. ಇಟ್ಟಿಗೆ ಬಣ್ಣ, ಕತ್ತೆತ್ತಿದಷ್ಟೂ ಮೇಲೆ ಹೋಗುತ್ತಿತ್ತು. ಒಳಗೆ ಹೋಗಲು ಉದ್ದ ಸಾಲು, ನಿಲ್ಲುವ ತ್ರಾಣ ಇರಲಿಲ್ಲ. ಎದುರಿನ ಮೆಟ್ಟಿಲ ಮೇಲೆ ಕೂತು ನೋಡಿದೆ. ನೋಡುವುದು ಮುಗಿದ ಮೇಲೂ ಬಸ್ಸಿಗೆ ಹೊತ್ತಿತ್ತು, ಅಲ್ಲೇ ಕೂತಿದ್ದೆ. ಸಂತೋಷ ಆಯಿತು. ಆದರೆ ಆ ಸಂತೋಷ ಕೂಡ ದಣಿದಿತ್ತು, ಬಹಳ ತಡವಾಗಿ ಮನೆಗೆ ಬಂದ ನೆಂಟನ ಹಾಗೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಪಾಠ ಶುರು ಮಾಡುತ್ತಿದ್ದೆನೋ ಏನೋ. ಯಾರೂ ಇರಲಿಲ್ಲ, ಅದೂ ಒಳ್ಳೆಯದೇ ಆಯಿತು.

ಸಂಜೆ ಹಡಗಿಗೆ ಬಂದಾಗ ಅವಳು ಅದೇ ಕುರ್ಚಿಯಲ್ಲಿ ಇದ್ದಳು. ಪಾದದ ಬಾವು ಇಳಿದಿತ್ತು. ಕಾಲ ಮೇಲೆ ಹಡಗಿನವರ ಶಾಲು ಹೊದ್ದಿದ್ದಳು.

"ಐತಾ, ನೀವು ಹೇಳಿಕೊಟ್ಟಂಗೆ?"

"ಐತೆ. ನಾನು ಬಿಡಿಸ್ತಿದ್ದಕ್ಕಿಂತ ದೊಡ್ಡದೈತೆ."

"ಮತ್ತೆ ಒಳ್ಳೇದಾತು."

"ನೀನೇನು ಮಾಡಿದೆ ಇಡೀ ದಿನ?"

ಸ್ವಲ್ಪ ಯೋಚಿಸಿದಳು. "ಏನೂ ಮಾಡಲಿಲ್ಲ. ಮಧ್ಯಾಹ್ನ ಒಬ್ಬನು ಬಂದು ಹಾಸಿಗೆ ಸರಿ ಮಾಡಿ ಹೋದ. ಏಳಬೇಕೇನೋ ಅಂತ ನೋಡಿದೆ. ಕುಂತ್ಕಳ್ರಿ ಅಂತ ಕೈ ಮಾಡಿದ."

ನಾನು ಇನ್ನೊಂದು ಕುರ್ಚಿಯಲ್ಲಿ ಕೂತೆ. ಹಡಗು ಸದ್ದಿಲ್ಲದೆ ಬಂದರು ಬಿಟ್ಟಿತು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಜನ ಎದ್ದು ನಿಂತು ದಡಕ್ಕೆ ಕೈ ಬೀಸುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಅವಳು ಏಳಲಿಲ್ಲ. ನಾನೂ ಏಳಲಿಲ್ಲ.

"ನಾಳೆ ಯಾವ ಊರು ಅಂತ ಕೇಳಿಕೊಂಡು ಬರಲಾ?" ಅಂದೆ.

"ಕೇಳಿದ್ರೆ ಕೇಳ್ರಿ," ಅಂದಳು. "ನನಗೆ ಮಾತ್ರ ಹೇಳಬ್ಯಾಡ್ರಿ."